ಕಪ್ತಾನನ ಹೆಸರಿನಲ್ಲೊಂದು ಊರು

ಊರಿಗೆ ಹೆಸರಿಡುವುದರಲ್ಲಿ ನಮ್ಮ ಕಡೆ ಒಂದು ಕ್ರಮವಿದೆ. ರಾಜನಿದ್ದರೆ ರಾಜನ ಹೆಸರು, ದೇವರಿದ್ದರೆ ದೇವರದು. ಇಬ್ಬರೂ ಇಲ್ಲದ ಕಡೆ ಕೆರೆಯೋ ಬಂಡೆಯೋ ಹುಣಸೇಮರವೋ ಆ ಜವಾಬ್ದಾರಿ ಹೊರುತ್ತದೆ. ದಿವಾನರ ಹೆಸರಿನ ಪೇಟೆಗಳಿವೆ, ಮೊನ್ನೆ ಮೊನ್ನೆ ಗೆದ್ದ ಶಾಸಕರ ತಾಯಿಯ ಹೆಸರಿನ ಬಡಾವಣೆಗಳಿವೆ. ಆದರೆ ತಮ್ಮನ್ನು ಕರೆತಂದು ಇಳಿಸಿದ ಬಸ್ಸಿನ ಡ್ರೈವರನ ಹೆಸರನ್ನು ಊರಿಗಿಟ್ಟ ಜನರನ್ನು ನಾನು ಕೇಳಿಲ್ಲ. ನಮಗೆ ಡ್ರೈವರನ ನೆನಪಾಗುವುದೇ ಅವನು ಸ್ಟಾಪು ದಾಟಿಸಿ ನಿಲ್ಲಿಸಿದಾಗ. ಆಗ ಅವನಿಗೆ ನಾವಿಡುವ ಹೆಸರನ್ನು ಯಾವ ಊರಿಗೂ ಇಡುವಂತಿಲ್ಲ.

ಹಾನ್‌ಡಾರ್ಫ್ ಮಾತ್ರ ಅಂಥದೇ ಒಂದು ಊರು. ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಿಂದ ಬೆಟ್ಟ ಹತ್ತಿ ಸುಮಾರು 28 ಕಿ.ಮೀ. ಹೋದರೆ ಸಿಗುತ್ತದೆ. ಹಾನ್ ಎನ್ನುವವನು ಹಡಗಿನ ಕಪ್ತಾನ. 1838ರಲ್ಲಿ ಇನ್ನೂರರ ಹತ್ತಿರ ಜರ್ಮನ್ ಜನರನ್ನು ‘ಝೀಬ್ರಾ’ ಎಂಬ ಹಡಗಿನಲ್ಲಿ ತುಂಬಿಕೊಂಡು ಅರ್ಧ ಭೂಮಿಯನ್ನು ಸುತ್ತಿ ಬಂದವನು. ಅವನು ಮಾಡಿದ್ದು ತನ್ನ ಕೆಲಸವನ್ನು. ಅದಕ್ಕೆ ಬಾಡಿಗೆ ಬಂದಿತ್ತು. ಆದರೂ ಇಳಿದವರು ತಮ್ಮ ಹೊಸ ಹಳ್ಳಿಯನ್ನು ಹಾನನ ಹಳ್ಳಿ ಎಂದೇ ಕರೆದರು.

ನನ್ನ ತಂಗಿಯ ಮಗ ಅಡಿಲೇಡಿನಲ್ಲಿದ್ದಾನೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆಲ್ಲ ಒಂದು ಕಷ್ಟವಿದೆ: ಊರಿಂದ ಬಂದ ಹಿರಿಯರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಸಮುದ್ರ ತೋರಿಸಿದ್ದಾಯಿತು, ಕಾಂಗರೂ ತೋರಿಸಿದ್ದಾಯಿತು, ದೇವಸ್ಥಾನಕ್ಕೆ ಎರಡು ಸಲ ಹೋದದ್ದಾಯಿತು. ಆಮೇಲೆ ಉಳಿಯುವುದು ಹಾನ್‌ಡಾರ್ಫ್. “ದೊಡ್ಡಮ್ಮ, ನಾಳೆ ನಿಮಗೆ ಜರ್ಮನಿ ತೋರಿಸ್ತೀನಿ, ವೀಸಾ ಬೇಡ, ಟಿಕೆಟ್ಟೂ ಬೇಡ” ಎಂದ. ದುಡ್ಡಿಲ್ಲದೆ ಸಿಗುವ ಪರದೇಶವನ್ನು ಬೇಡ ಎನ್ನುವ ಜಾತಿಯವಳಲ್ಲ ನಾನು. ಆದರೆ ಹೋಗಿ ನೋಡಿದ ಮೇಲೆ, ಆಮೇಲೆ ಒಂದಿಷ್ಟು ಓದಿಕೊಂಡ ಮೇಲೆ, ಅದು ಜರ್ಮನಿ ಎನ್ನುವುದಕ್ಕಿಂತ ಹಠದ ಊರು ಎನ್ನುವುದೇ ಸರಿ ಎನ್ನಿಸಿತು. ಹಠ ಎಂದರೆ ಸಣ್ಣಪುಟ್ಟದ್ದಲ್ಲ. ದೊರೆ ಹೇಳಿದ ಹಾಗೆ ಪ್ರಾರ್ಥನೆ ಮಾಡುವುದಿಲ್ಲ ಎಂದು ಮನೆ, ಹೊಲ, ದನ, ಹಟ್ಟಿ ಎಲ್ಲವನ್ನೂ ಮಾರಿ ಭೂಮಿಯ ಆಚೆ ತುದಿಗೆ ಹೊರಟವರ ಹಠ.

ಆ ದೊರೆಯದೂ ಒಂದು ಕಥೆ. ಪ್ರಷ್ಯಾದ ಮೂರನೆಯ ಫ್ರೀಡ್ರಿಷ್ ವಿಲ್ಹೆಲ್ಮ್ ಕ್ಯಾಲ್ವಿನನ ಪಂಥದವನು, ಅವನ ರಾಣಿ ಲೂಯಿಸಾ ಲುಥೆರನ್ ಪಂಥದವಳು. ಇಬ್ಬರೂ ಪ್ರಾಟೆಸ್ಟೆಂಟರೇ. ಆದರೂ ಒಂದೇ ಚರ್ಚಿನಲ್ಲಿ ಜೊತೆಯಾಗಿ ಪ್ರಸಾದ ಸ್ವೀಕರಿಸುವಂತಿರಲಿಲ್ಲ. ಗಂಡ ಹೆಂಡತಿ ಒಟ್ಟಿಗೆ ಮಂಡಿಯೂರಲಾಗದ ಈ ಸಂಕಟ ಅವನ ಮನಸ್ಸಿನಲ್ಲಿ ಕೂತಿತ್ತು. 1817ರಲ್ಲಿ, ಲೂಥರನ ಸುಧಾರಣೆಗೆ ಮುನ್ನೂರು ವರ್ಷ ತುಂಬಿದಾಗ, ಎರಡೂ ಪಂಥಗಳು ಒಂದಾಗತಕ್ಕದ್ದು ಎಂದು ಆಜ್ಞೆ ಹೊರಡಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಹೇಗೋ ನಡೆಯುತ್ತಿತ್ತೇನೋ. ಆದರೆ ದೊರೆಗೆ ಪೂಜಾವಿಧಿ ಬರೆಯುವ ಹವ್ಯಾಸ ಹತ್ತಿತು. ತಾನೇ ಕೂತು ಒಂದು ಪ್ರಾರ್ಥನಾಕ್ರಮ ತಯಾರು ಮಾಡಿ, ಎಲ್ಲ ಚರ್ಚುಗಳೂ ಇದನ್ನೇ ಅನುಸರಿಸಬೇಕು ಎಂದ. ರಾಣಿ ಅಷ್ಟರಲ್ಲಿ ತೀರಿಹೋಗಿ ಬಹಳ ವರ್ಷವಾಗಿತ್ತು. ಒಂದು ಸಂಸಾರದ ತೊಡಕನ್ನು ಬಿಡಿಸಲು ಇಡೀ ರಾಜ್ಯಕ್ಕೆ ಗಂಟು ಹಾಕುವುದು ದೊರೆಗಳಿಗೆ ಮಾತ್ರ ಸಾಧ್ಯ.

ಬಹಳ ಜನ ಒಪ್ಪಿದರು. ಸಿಲೀಸಿಯಾ, ಬ್ರಾಂಡೆನ್‌ಬುರ್ಗ್, ಪೋಸನ್ ಸೀಮೆಯ ಕೆಲವು ಹಳ್ಳಿಗರು ಒಪ್ಪಲಿಲ್ಲ. ಅವರಿಗೆ ‘ಹಳೇ ಲುಥೆರನ್ನರು’ ಎಂದು ಹೆಸರು ಬಿತ್ತು. ಪಾದ್ರಿಗಳು ಜೈಲಿಗೆ ಹೋದರು. ಕದ್ದು ಪ್ರಾರ್ಥನೆ ಮಾಡಿದವರಿಗೆ ದಂಡ ಬಿತ್ತು. 1834ರಲ್ಲಿ ಸಿಲೀಸಿಯಾದ ಒಂದು ಹಳ್ಳಿಯಲ್ಲಿ ಚರ್ಚಿನ ಬಾಗಿಲು ತೆರೆಸಲು ಸೈನ್ಯವೇ ಬಂತು. ಕ್ಲೆಮ್‌ಸಿಗ್ ಎಂಬ ಹಳ್ಳಿಯ ಪಾದ್ರಿ ಆಗಸ್ಟ್ ಕಾವೆಲ್ ತನ್ನವರಿಗೊಂದು ನೆಲೆ ಹುಡುಕುತ್ತ ಹೊರಟ. ರಷ್ಯಾ ಆದೀತೇ, ಅಮೆರಿಕ ಆದೀತೇ ಎಂದು ವಿಚಾರಿಸುತ್ತ ಕೊನೆಗೆ 1836ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಫೈಫ್ ಆಂಗಸ್ ಎಂಬ ವ್ಯಾಪಾರಿಯ ಬಾಗಿಲಿಗೆ ಬಂದ. ಆಂಗಸ್ ಬ್ಯಾಪ್ಟಿಸ್ಟ್ ಪಂಥದ ದೈವಭಕ್ತ. ಆಗಷ್ಟೇ ಹುಟ್ಟುತ್ತಿದ್ದ ದಕ್ಷಿಣ ಆಸ್ಟ್ರೇಲಿಯಾ ವಸಾಹತಿನ ಕಂಪನಿಯಲ್ಲಿ ದೊಡ್ಡ ಪಾಲುಳ್ಳವನು. ಅಲ್ಲಿ ಭೂಮಿ ಬೇಕಾದಷ್ಟಿತ್ತು, ಉಳುವ ಕೈಗಳಿರಲಿಲ್ಲ. ಇಲ್ಲಿ ಕೈಗಳಿದ್ದವು, ಭೂಮಿ ಕೈಬಿಡುತ್ತಿತ್ತು. ಆಂಗಸ್ ದಾರಿಖರ್ಚಿಗೆ ಸಾಲ ಕೊಟ್ಟ. ಬಡ್ಡಿಗೇ ಕೊಟ್ಟ. ಪುಣ್ಯ ಮತ್ತು ಬಡ್ಡಿ ಒಂದೇ ಖಾತೆಗೆ ಜಮೆಯಾಗುವ ಇಂಥ ಏರ್ಪಾಡುಗಳನ್ನು ಕಂಡರೆ ನನಗೆ ನಮ್ಮೂರ ಕೆಲವು ಧರ್ಮಿಷ್ಠರ ನೆನಪಾಗದಿರುವುದಿಲ್ಲ. ಆದರೆ ಈ ಮನುಷ್ಯನ ಸಾಲವಿಲ್ಲದಿದ್ದರೆ ಹಾನ್‌ಡಾರ್ಫ್ ಇರುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು.

ಹಡಗುಗಳ ಹೆಸರು ಓದುವಾಗ ನಾನು ಕನ್ನಡಕ ಒರೆಸಿಕೊಂಡೆ. ಕಾವೆಲನ ಗುಂಪು 1838ರ ನವೆಂಬರಿನಲ್ಲಿ ಬಂದಿಳಿದದ್ದು ‘ಪ್ರಿನ್ಸ್ ಜಾರ್ಜ್’ ಮತ್ತು ‘ಬೆಂಗಾಲಿ’ ಎಂಬ ಹಡಗುಗಳಲ್ಲಿ. ಅದಕ್ಕೆ ಒಂದು ತಿಂಗಳ ಹಿಂದೆ ವಸಾಹತಿನ ಹೊಸ ಗವರ್ನರನನ್ನೂ, ಶೂರ್ಮನ್ ಮತ್ತು ಟೈಕೆಲ್ಮನ್ ಎಂಬ ಇಬ್ಬರು ಜರ್ಮನ್ ಮಿಷನರಿಗಳನ್ನೂ ತಂದ ಹಡಗಿನ ಹೆಸರು ‘ಪೆಸ್ತೋನ್‌ಜಿ ಬೊಮನ್‌ಜಿ’. ನಮ್ಮ ಮುಂಬಯಿಯ ಪಾರ್ಸಿ ವಾಡಿಯಾ ಮನೆತನದವರ ಹೆಸರು! ಇಂಡಿಯಾದ ವ್ಯಾಪಾರಕ್ಕೆಂದು ಕಟ್ಟಿದ ಹಡಗುಗಳು ಹೀಗೆ ಯಾರು ಯಾರನ್ನೋ ಎಲ್ಲೆಲ್ಲಿಗೋ ಹೊತ್ತು ಹಾಕುತ್ತಿದ್ದ ಕಾಲ ಅದು. ಆ ಇಬ್ಬರು ಮಿಷನರಿಗಳು ಅಡಿಲೇಡ್ ಬಯಲಿನ ಮೂಲನಿವಾಸಿಗಳಾದ ಕೌರ್ನಾ ಜನರ ಮಾತು ಕಲಿತು 1840ರಲ್ಲೇ ಅದರ ವ್ಯಾಕರಣವನ್ನೂ ಶಬ್ದಪಟ್ಟಿಯನ್ನೂ ಅಚ್ಚು ಹಾಕಿಸಿದರು. ಮುಂದೆ ಆ ಭಾಷೆ ಆಡುವವರೇ ಇಲ್ಲದಂತಾಗಿ, ಈಗ ಕೌರ್ನಾ ಜನ ಅದೇ ಪುಸ್ತಕವನ್ನು ಹಿಡಿದುಕೊಂಡು ತಮ್ಮ ಮಾತನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. ಕಿಟ್ಟೆಲ್ಲರ ನಿಘಂಟು ಮನೆಯಲ್ಲಿಟ್ಟುಕೊಂಡ ನಮಗೆ ಜರ್ಮನ್ ಪಾದ್ರಿಗಳ ಈ ಶಬ್ದದ ಹುಚ್ಚು ಹೊಸದಲ್ಲ. ಎಲ್ಲಿಗೆ ಹೋದರೂ ಬೈಬಲ್ಲು ಹಂಚುವ ಮೊದಲು ಆ ಜನ ಕ್ರಿಯಾಪದಗಳನ್ನು ಎಣಿಸಲು ಕೂರುತ್ತಿದ್ದರು.

ಝೀಬ್ರಾಕ್ಕೆ ಬರೋಣ. ಅದರ ಕಪ್ತಾನ ಡಿರ್ಕ್ ಹಾನ್ ಉತ್ತರ ಸಮುದ್ರದ ಸಿಲ್ಟ್ ದ್ವೀಪದವನು. ಆಗ ಆ ದ್ವೀಪ ಡೆನ್ಮಾರ್ಕಿನ ದೊರೆಯ ಕೈಕೆಳಗಿತ್ತು. ಅಂದರೆ ಈ ಪ್ರಖ್ಯಾತ ಜರ್ಮನ್ ಹಳ್ಳಿಗೆ ಹೆಸರು ಕೊಟ್ಟವನು ಡೇನರ ದೊರೆಯ ಪ್ರಜೆ. ಹಡಗು 1838ರ ಆಗಸ್ಟಿನಲ್ಲಿ ಹ್ಯಾಂಬುರ್ಗಿನ ಪಕ್ಕದ ಆಲ್ಟೋನಾದಿಂದ ಹೊರಟಿತು. ನಾಲ್ಕೂವರೆ ತಿಂಗಳು ಬೆಳಗ್ಗೆ ಪ್ರಾರ್ಥನೆ, ಸಂಜೆ ಪ್ರಾರ್ಥನೆ, ನಡುವೆ ವಾಂತಿ. ದಾರಿಯಲ್ಲಿ ಕೆಲವರು ತೀರಿಕೊಂಡರು. ಡಿಸೆಂಬರ್ 28ಕ್ಕೆ ಪೋರ್ಟ್ ಅಡಿಲೇಡ್ ಮುಟ್ಟುವ ಹೊತ್ತಿಗೆ ಕಪ್ತಾನನಿಗೆ ಈ ಜನರ ಮೇಲೆ ಒಂದು ಬಗೆಯ ಮಮಕಾರ ಹುಟ್ಟಿತ್ತು. ಪ್ರಯಾಣಿಕರನ್ನು ಇಳಿಸಿ, ಸಾಮಾನು ಲೆಕ್ಕ ಹಾಕಿ, ಸಹಿ ಮಾಡಿಸಿಕೊಂಡು ಹೊರಟುಬಿಡಬಹುದಿತ್ತು. ಆದರೆ ಬಂದರಿನಲ್ಲಿ ನೋಡಿದರೆ ಕೆಸರು, ಸೊಳ್ಳೆ, ಸುಡುವ ಬೇಸಿಗೆ. ಇಳಿದವರಿಗೆ ನಾಳೆ ಎಲ್ಲಿಗೆ ಹೋಗಬೇಕೆಂದು ತಿಳಿಯದು, ಇಂಗ್ಲಿಷೂ ಬಾರದು. ಹಾನ್ ಕೋಟು ತೊಟ್ಟುಕೊಂಡು ಇವರ ಪರವಾಗಿ ಜಮೀನು ವಿಚಾರಿಸಲು ಹೊರಟ.

ಆಗ ಸಿಕ್ಕವನು ವಿಲಿಯಂ ಹ್ಯಾಂಪ್ಡನ್ ಡಟನ್. ಅವನೂ ಇಬ್ಬರು ಪಾಲುದಾರರೂ ಸೇರಿ ಮೌಂಟ್ ಬಾರ್ಕರ್ ಬೆಟ್ಟದ ಸುತ್ತ ನಾಲ್ಕು ಸಾವಿರ ಪೌಂಡಿಗೆ ನಾಲ್ಕು ಸಾವಿರ ಎಕರೆ ಹಿಡಿದಿದ್ದರು. ಎಕರೆಗೆ ಒಂದು ಪೌಂಡು. ಡಟನ್ ಕಪ್ತಾನನನ್ನು ತನ್ನ ಗಾಡಿಯಲ್ಲಿ ಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋದ. ಹುಲ್ಲು, ಹಳ್ಳ, ಆಕಾಶಕ್ಕೆ ಹೋದ ನೀಲಗಿರಿ ಜಾತಿಯ ಮರಗಳು. ಹಾನನಿಗೆ ಜಾಗ ಹಿಡಿಸಿತು. ಸುಮಾರು ನೂರು ಎಕರೆ, ಮೊದಲ ವರ್ಷ ಗೇಣಿ ಇಲ್ಲ, ಬಿತ್ತನೆಗೂ ಹೊಟ್ಟೆಗೂ ಸಾಲದ ಮೇಲೆ ಸಾಮಾನು. ಡಟನ್ ಏನು ದಾನಶೂರನಲ್ಲ. ಬರಿಯ ಕಾಡಿನ ನಡುವೆ ದುಡಿಯುವ ಒಂದು ಹಳ್ಳಿ ಎದ್ದರೆ ಉಳಿದ ಮೂರು ಸಾವಿರದ ಚಿಲ್ಲರೆ ಎಕರೆಯ ಬೆಲೆ ಏರುತ್ತದೆ ಎಂಬ ಲೆಕ್ಕ ಅವನಿಗೆ ಗೊತ್ತಿತ್ತು. ಬೆಂಗಳೂರಿನ ಸೈಟು ವ್ಯಾಪಾರಿಗಳು ಮೊದಲು ಒಂದು ದೇವಸ್ಥಾನ ಕಟ್ಟಿಸುವುದು ಬೇರೆ ಯಾವ ಕಾರಣಕ್ಕೂ ಅಲ್ಲ.

ಬಂದರಿನಿಂದ ಬೆಟ್ಟಕ್ಕೆ ಎತ್ತಿನ ಗಾಡಿಯ ಬಾಡಿಗೆ ಕೊಡಲು ಹೆಚ್ಚಿನವರ ಹತ್ತಿರ ದುಡ್ಡಿರಲಿಲ್ಲ. ಪೆಟ್ಟಿಗೆ, ಪಾತ್ರೆ, ಮಕ್ಕಳು, ಬೈಬಲ್ಲು ಎಲ್ಲವನ್ನೂ ಹೊತ್ತುಕೊಂಡು, ಕೈಗಾಡಿಯಲ್ಲಿ ಎಳೆದುಕೊಂಡು ದಿಣ್ಣೆ ಹತ್ತಿದರು. 1839ರ ಮೊದಲ ತಿಂಗಳುಗಳಲ್ಲಿ ಗುಡಿಸಲುಗಳೆದ್ದವು. ಅಷ್ಟರಲ್ಲಿ ಕಪ್ತಾನ ಹಡಗು ತಿರುಗಿಸಿಕೊಂಡು ಹೊರಟಿದ್ದ. ತನ್ನ ಹೆಸರು ಒಂದು ಊರಿಗೆ ಬಿತ್ತು ಎಂಬ ಸಂತೋಷವನ್ನು ಕಟ್ಟಿಕೊಂಡು ಹೋಗಿರಬೇಕು.

ಒಂದು ವಿಷಯ ಇಲ್ಲಿ ಹೇಳದೆ ಮುಂದೆ ಹೋಗಬಾರದು. ಡಟನ್ ಕೊಂಡ ಭೂಮಿಯನ್ನು ಅವನಿಗೆ ಮಾರಿದವರು ಅದರ ಒಡೆಯರಲ್ಲ. ಆ ಬೆಟ್ಟ ಪೆರಾಮಂಕ್ ಜನರದು. ಆ ಜಾಗಕ್ಕೆ ಬುಕಾರ್ಟಿಲ್ಲಾ ಎಂಬ ಹೆಸರು ಮೊದಲೇ ಇತ್ತು. ಹೊಸಬರಿಗೆ ಕಾಡಿನಲ್ಲಿ ತಿನ್ನಬಹುದಾದ್ದು ಯಾವುದು ಎಂದು ತೋರಿಸಿಕೊಟ್ಟವರು ಅವರೇ ಎಂದು ಊರಿನ ಕಥೆಗಳೇ ಹೇಳುತ್ತವೆ. ಒಬ್ಬ ದೊರೆ ತಮ್ಮ ಪ್ರಾರ್ಥನೆ ಕಸಿದುಕೊಂಡನೆಂದು ಬಂದವರು, ಇನ್ನೊಬ್ಬ ದೊರೆ ಬೇರೆಯವರಿಂದ ಕಸಿದುಕೊಂಡ ನೆಲದ ಮೇಲೆ ಕೂತು ದೇವರಿಗೆ ಕೃತಜ್ಞತೆ ಹೇಳಿದರು. ಭಕ್ತಿಯಲ್ಲಿ ಕಪಟವಿರಲಿಲ್ಲ. ನೆಲ ಯಾರದು ಎಂದು ಕೇಳುವ ಅಭ್ಯಾಸವೂ ಇರಲಿಲ್ಲ.

ಈ ಊರನ್ನು ನಿಜವಾಗಿ ನಿಲ್ಲಿಸಿದವರು ಹೆಂಗಸರು. ಗಂಡಸರು ಮರ ಕಡಿಯುವುದರಲ್ಲಿ, ಕುರಿ ಉಣ್ಣೆ ಕತ್ತರಿಸುವ ಕೂಲಿಗೆ ಹೋಗುವುದರಲ್ಲಿ ಮುಳುಗಿದ್ದರು. ಅಡಿಲೇಡಿನಲ್ಲೋ ತರಕಾರಿಗೆ ಬರ. ಇಂಗ್ಲಿಷರು ಜಮೀನು ಮಾರಿ ಕೊಳ್ಳುವುದರಲ್ಲಿ ಮಗ್ನರಾಗಿ ಬದನೆಕಾಯಿ ಬೆಳೆಯುವುದನ್ನು ಮರೆತಿದ್ದರು. ಹಾನ್‌ಡಾರ್ಫಿನ ಹೆಂಗಸರು, ಹುಡುಗಿಯರು ಬೆಣ್ಣೆ, ಮೊಟ್ಟೆ, ಸೊಪ್ಪು, ತರಕಾರಿಗಳನ್ನು ಬೆನ್ನ ಬುಟ್ಟಿಗೆ ತುಂಬಿಕೊಂಡು ಮಧ್ಯರಾತ್ರಿಗೆ ಹೊರಡುತ್ತಿದ್ದರು. ಇಪ್ಪತ್ತೈದು ಕಿಲೋಮೀಟರಿಗೂ ಮಿಕ್ಕ ಇಳಿಜಾರಿನ ಕಾಡುದಾರಿ, ಬರಿಗಾಲು. ಬೆಟ್ಟದ ಬುಡದ ತೊರೆಯಲ್ಲಿ ಕಾಲು ತೊಳೆದುಕೊಂಡು, ಬುಟ್ಟಿಯಿಂದ ಕಾಲುಚೀಲ ಬೂಟು ತೆಗೆದು ಹಾಕಿಕೊಂಡು, ಮರ್ಯಾದಸ್ಥರಾಗಿ ಪೇಟೆ ಹೊಕ್ಕುತ್ತಿದ್ದರು. ಬೂಟು ಸವೆಯಬಾರದು, ಮರ್ಯಾದೆಯೂ ಸವೆಯಬಾರದು! ನನ್ನ ಅಜ್ಜಿ ಮದುವೆ ಮನೆಗೆ ಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದು ಚಪ್ಪರದ ಹತ್ತಿರ ಮೆಟ್ಟಿಕೊಳ್ಳುತ್ತಿದ್ದಳು. ಆದ್ದರಿಂದ ಈ ಹೆಂಗಸರ ಅರ್ಥಶಾಸ್ತ್ರ ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಮಾರಾಟವಾದ ಮೇಲೆ ಸಕ್ಕರೆ, ದಾರ, ಗಂಡನಿಗೆ ಹೊಗೆಸೊಪ್ಪು ಕೊಂಡು, ಮತ್ತೆ ಅಷ್ಟೇ ದೂರ ಏರುದಾರಿ. ಬುಟ್ಟಿ ಖಾಲಿ ಹೋಗುತ್ತಿರಲಿಲ್ಲ. ಊರಲ್ಲಿ ಏಳುತ್ತಿದ್ದ ಚರ್ಚಿಗೆಂದು ಒಬ್ಬೊಬ್ಬಳೂ ಎರಡೆರಡು ಇಟ್ಟಿಗೆ ಹೊತ್ತು ತರುತ್ತಿದ್ದಳಂತೆ. ಸೇಂಟ್ ಮೈಕೇಲ್ ಚರ್ಚಿನ ಸಭೆ ಆಸ್ಟ್ರೇಲಿಯಾದ ಅತ್ಯಂತ ಹಳೆಯ ಲುಥೆರನ್ ಸಭೆ. ಪಾದ್ರಿಗಳ ಹೆಸರುಗಳು ಸಾಲಾಗಿ ಸಿಗುತ್ತವೆ, ಇಟ್ಟಿಗೆ ಹೊತ್ತವರದು ಸಿಗುವುದಿಲ್ಲ. ಈಗ ಆ ದಾರಿಗೆ ‘ಪಯನಿಯರ್ ವಿಮೆನ್ಸ್ ಟ್ರೇಲ್’ ಎಂದು ಹೆಸರಿಟ್ಟು ಫಲಕ ಹಾಕಿದ್ದಾರೆ. ವರ್ಷಕ್ಕೊಮ್ಮೆ ಜನ ಬಣ್ಣಬಣ್ಣದ ಬೂಟು ತೊಟ್ಟು, ನೀರಿನ ಬಾಟಲಿ ಹಿಡಿದು ಅದೇ ದಾರಿಯಲ್ಲಿ ನಡೆಯುತ್ತಾರೆ. ತಂಗಿಯ ಮಗನೂ ಒಂದು ವರ್ಷ ನಡೆದಿದ್ದನಂತೆ. ಆಮೇಲೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಿದನೆಂದು ಅವನ ಹೆಂಡತಿ ಹೇಳಿದಳು.

ಇನ್ನು ಚರಿತ್ರೆಯ ಕುಚೋದ್ಯ. ಇವರು ಬೆಟ್ಟದ ಮೇಲೆ ಮೊದಲ ಬೆಳೆಗಳನ್ನು ಕೊಯ್ಯುತ್ತಿರುವಾಗಲೇ, 1840ರಲ್ಲಿ, ಆ ಪ್ರಾರ್ಥನಾಕ್ರಮ ಬರೆದ ದೊರೆ ಸತ್ತ. ಪಟ್ಟಕ್ಕೆ ಬಂದ ಮಗ ಮೆದು ಸ್ವಭಾವದವನು. ಜೈಲಿನಲ್ಲಿದ್ದ ಪಾದ್ರಿಗಳನ್ನು ಬಿಡಿಸಿದ. ಕೆಲವೇ ವರ್ಷಗಳಲ್ಲಿ ಹಳೇ ಲುಥೆರನ್ನರು ತಮ್ಮ ಪಾಡಿಗೆ ತಾವಿರಲು ಅನುಮತಿಯೂ ಸಿಕ್ಕಿತು. ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದರೆ ಊರು ಬಿಡುವ ಪ್ರಮೇಯವೇ ಇರಲಿಲ್ಲ! ಈ ಸುದ್ದಿ ಹಡಗಿನಲ್ಲಿ ಬಂದು ಮುಟ್ಟಿದ ದಿನ ಹಾನ್‌ಡಾರ್ಫಿನ ಅಡುಗೆಮನೆಗಳಲ್ಲಿ ಗಂಡ ಹೆಂಡಿರ ನಡುವೆ ಏನು ಮಾತಾಯಿತೆಂದು ನನಗೆ ಬಹಳ ಕುತೂಹಲ. “ನಾನು ಆಗಲೇ ಹೇಳಿದ್ದೆ” ಎಂಬ ವಾಕ್ಯಕ್ಕೆ ಯಾವ ಭಾಷೆಯಲ್ಲೂ ಬರಗಾಲವಿಲ್ಲ.

ಹೊರಗಿನ ಶತ್ರು ಇಲ್ಲವಾದ ಮೇಲೆ ಹಠ ಸುಮ್ಮನೆ ಕೂರುತ್ತದೆಯೇ? 1841ರಲ್ಲಿ ಫ್ರಿಟ್ಷೆ ಎಂಬ ಇನ್ನೊಬ್ಬ ಪಾದ್ರಿ ತನ್ನ ಗುಂಪಿನೊಂದಿಗೆ ಬಂದ. ಕಾವೆಲನಿಗೂ ಅವನಿಗೂ ವಾದ ಹತ್ತಿತು. ವಿಷಯ ಗಂಭೀರವಾದದ್ದು: ಕ್ರಿಸ್ತ ಮತ್ತೆ ಬಂದು ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾನೋ ಇಲ್ಲವೋ. ಆಳುತ್ತಾನೆ ಎಂದು ಕಾವೆಲ್, ಹಾಗೆ ಅಕ್ಷರಶಃ ಓದಬಾರದು ಎಂದು ಫ್ರಿಟ್ಷೆ. 1846ರಲ್ಲಿ ಬೆಥನಿ ಎಂಬ ಹಳ್ಳಿಯಲ್ಲಿ ಸೇರಿದ ಸಭೆಯಿಂದ ಕಾವೆಲ್ ತನ್ನವರನ್ನು ಕರೆದುಕೊಂಡು ಎದ್ದು ಹೊರಟ. ಎರಡು ಪಂಥಗಳನ್ನು ಒಂದು ಮಾಡಲು ಬಂದ ದೊರೆಗೆ ಬೆನ್ನು ತಿರುಗಿಸಿದವರು ಈಗ ತಮ್ಮ ಒಂದನ್ನು ಎರಡು ಮಾಡಿಕೊಂಡರು. ಹಾನ್‌ಡಾರ್ಫಿನಲ್ಲೂ ಸೇಂಟ್ ಮೈಕೇಲ್‌ಗೆ ಎದುರಾಳಿಯಾಗಿ ಸೇಂಟ್ ಪಾಲ್ ಸಭೆ ಹುಟ್ಟಿತು. ಒಂದು ದೊಡ್ಡ ಬೀದಿಯ ಊರಿಗೆ ಎರಡು ಲುಥೆರನ್ ಚರ್ಚು. ಒಂದೇ ಅಗ್ರಹಾರದಲ್ಲಿ ಎರಡು ಮಠದ ಶಿಷ್ಯರನ್ನು ಕಂಡವರು ಇದಕ್ಕೆ ಬೆರಗಾಗಬೇಕಿಲ್ಲ.

ಆಮೇಲಿನ ಎಪ್ಪತ್ತು ವರ್ಷ ಗೋಧಿ, ದ್ರಾಕ್ಷಿ, ಸಾಸೇಜು, ಹಿತ್ತಾಳೆ ವಾದ್ಯದ ಬ್ಯಾಂಡು. ಚೌಕಟ್ಟಿಗೆ ಅಲ್ಲಿಯದೇ ಮರ ಬಳಸಿ ನಡುವೆ ಮಣ್ಣೋ ಇಟ್ಟಿಗೆಯೋ ತುಂಬಿದ ಮನೆಗಳು. 1857ರಲ್ಲಿ ಬ್ಯೋಮ್ ಎಂಬವನು ಶುರುಮಾಡಿದ ಶಾಲೆ. ಎಲ್ಲ ಸುಖವಾಗಿತ್ತು, ಆದ್ದರಿಂದ ಬರೆಯಲು ಹೆಚ್ಚೇನಿಲ್ಲ.

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮುಕ್ಕಾಲು ಶತಮಾನದ ಹಿಂದೆ ಪ್ರಷ್ಯಾದ ದೊರೆಯಿಂದ ತಪ್ಪಿಸಿಕೊಂಡು ಬಂದವರ ಮೊಮ್ಮಕ್ಕಳು ರಾತ್ರೋರಾತ್ರಿ ಪ್ರಷ್ಯಾದ ದೊರೆಯ ಕಡೆಯವರೆಂದು ಅನುಮಾನಕ್ಕೆ ಗುರಿಯಾದರು. ಅಡಿಲೇಡಿನ ಹತ್ತಿರದ ಟಾರೆನ್ಸ್ ದ್ವೀಪದಲ್ಲಿ ಬಂಧನ ಶಿಬಿರ ತೆರೆಯಿತು. ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಹರ್ಮನ್ ಹೋಂಬುರ್ಗ್ ತನ್ನ ಹೆಸರಿನ ಕಾರಣಕ್ಕೇ 1915ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1917ರಲ್ಲಿ 49 ಲುಥೆರನ್ ಶಾಲೆಗಳನ್ನು ಮುಚ್ಚಿದರು. ಆಮೇಲೆ ಕಾನೂನೊಂದನ್ನು ತಂದು 69 ಊರು, ಹೊಳೆ, ಬೆಟ್ಟಗಳ ಜರ್ಮನ್ ಹೆಸರುಗಳನ್ನು ಅಳಿಸಿದರು. ಕಾವೆಲನವರು ತಮ್ಮ ಹಳೆಯ ಹಳ್ಳಿಯ ನೆನಪಿಗೆ ಇಲ್ಲಿಯೂ ಹೆಸರಿಟ್ಟುಕೊಂಡಿದ್ದ ಕ್ಲೆಮ್‌ಸಿಗ್ ‘ಗಾಜಾ’ ಆಯಿತು. ಪೀಟರ್ಸ್‌ಬರ್ಗ್ ‘ಪೀಟರ್‌ಬರೋ’ ಆಯಿತು. ರೈನ್ ಎಂಬ ಹೊಳೆ, ಒಂದು ಹನಿ ನೀರೂ ಬದಲಾಗದೆ, ಫ್ರಾನ್ಸಿನ ರಣರಂಗದ ಹೆಸರು ಹೊತ್ತು ‘ಮಾರ್ನ್’ ಆಯಿತು. ಹಾನ್‌ಡಾರ್ಫ್ ‘ಆಂಬಲ್‌ಸೈಡ್’ ಆಯಿತು. ಡೇನರ ದೊರೆಯ ಪ್ರಜೆಯೊಬ್ಬನ ಹೆಸರನ್ನು ಜರ್ಮನ್ ದ್ವೇಷದಿಂದ ತೆಗೆದುಹಾಕಿದರು ಎಂದು ಯಾರಾದರೂ ಆಗ ಸರ್ಕಾರಕ್ಕೆ ಅರ್ಜಿ ಹಾಕಬಹುದಿತ್ತು.

ಅದೇ ಯುದ್ಧ, ಅದೇ ಸಾಮ್ರಾಜ್ಯ ನಮ್ಮ ಕರಾವಳಿಯಲ್ಲೂ ಇದೇ ಕೆಲಸ ಮಾಡಿತು. 1834ರಿಂದ ಮಂಗಳೂರಿನಲ್ಲಿ ಬೇರು ಬಿಟ್ಟಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶ ಬಿಡಿಸಿದರು. ಹೆಂಚಿನ ಕಾರ್ಖಾನೆಗಳು, ಮಗ್ಗಗಳು ಸರ್ಕಾರದ ವಶವಾಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಕೈಸೇರಿದವು. ಮಂಗಳೂರಿನಲ್ಲಿ ಪಾದ್ರಿಗಳು ಹೋದರೂ ಹೆಂಚು ಉಳಿಯಿತು. ಹಾನ್‌ಡಾರ್ಫಿನವರಿಗೆ ಹೋಗಲು ಬೇರೆ ಊರಿರಲಿಲ್ಲ. ಬೋರ್ಡು ಬದಲಾದ ಊರಿನಲ್ಲೇ ಇದ್ದರು.

ಹಾಗೆ ಇದ್ದವರಲ್ಲಿ ಒಬ್ಬ ಚಿತ್ರಕಾರ ಹಾನ್ಸ್ ಹೈಸನ್. ಹ್ಯಾಂಬುರ್ಗಿನಲ್ಲಿ 1877ರಲ್ಲಿ ಹುಟ್ಟಿ ಬಾಲ್ಯದಲ್ಲೇ ಅಡಿಲೇಡಿಗೆ ಬಂದವನು. ಚಿತ್ರ ಮಾರಿ ಬಂದ ದುಡ್ಡಿನಲ್ಲಿ 1912ರಲ್ಲಿ ಹಾನ್‌ಡಾರ್ಫಿನ ಅಂಚಿನಲ್ಲಿ ‘ದಿ ಸೀಡರ್ಸ್’ ಎಂಬ ಮನೆ ಕೊಂಡ. ಮನೆಯ ಸುತ್ತಲಿನ ಗಮ್ ಮರಗಳನ್ನೇ ಜೀವಮಾನವೆಲ್ಲ ಬರೆದ. ಅವಕ್ಕೆ ಕೊಡಲಿ ಬೀಳದಂತೆಯೂ ಕಾಪಾಡಿದ. ಆಸ್ಟ್ರೇಲಿಯಾದವರು ತಮ್ಮ ನಾಡು ಹೀಗಿದೆ ಎಂದು ಕಣ್ಣುಮುಚ್ಚಿ ನೆನೆಸಿಕೊಳ್ಳುವ ಚಿತ್ರವನ್ನು ಅವರಿಗೆ ಬರೆದುಕೊಟ್ಟವರಲ್ಲಿ ಈ ಹ್ಯಾಂಬುರ್ಗಿನವನು ಮುಖ್ಯ. ಯುದ್ಧ ಬಂದಾಗ ಅವನನ್ನೂ ಅನುಮಾನಿಸಿದರು. ಅವನ ಮಗಳು ನೋರಾ 1911ರಲ್ಲಿ ಹಾನ್‌ಡಾರ್ಫಿನಲ್ಲಿ ಹುಟ್ಟಿ ಆಂಬಲ್‌ಸೈಡಿನಲ್ಲಿ ಬೆಳೆದಳು. ಊರು ಬದಲಾಯಿಸದೆ! 1938ರಲ್ಲಿ ಚಿತ್ರಕಲೆಯ ಆರ್ಚಿಬಾಲ್ಡ್ ಬಹುಮಾನ ಗೆದ್ದ ಮೊದಲ ಹೆಂಗಸು ಅವಳು. ಎರಡನೆಯ ಯುದ್ಧದಲ್ಲಿ ಸೈನ್ಯದ ಚಿತ್ರ ಬರೆಯಲು ಆಸ್ಟ್ರೇಲಿಯಾ ಸರ್ಕಾರ ನೇಮಿಸಿದ ಮೊದಲ ಮಹಿಳೆಯೂ ಅವಳೇ. ಅಪ್ಪನನ್ನು ಅನುಮಾನಿಸಿದ್ದ ಸರ್ಕಾರ ಮಗಳಿಗೆ ಸಮವಸ್ತ್ರ ಹೊಲಿಸಿತು.

1935ರಲ್ಲಿ ಹಾನ್‌ಡಾರ್ಫ್ ತನ್ನ ಹೆಸರನ್ನು ಮರಳಿ ಪಡೆಯಿತು. ಮರುವರ್ಷ ವಸಾಹತಿಗೆ ನೂರು ತುಂಬಲಿತ್ತು. ಹಬ್ಬದ ಮನೆಯಲ್ಲಿ ಹಳೆ ಜಗಳ ಬೇಡ ಎಂದಿರಬೇಕು. ಆಮೇಲೆ ಆದದ್ದು ಇನ್ನೂ ಮಜ. ಒಂದು ಕಾಲಕ್ಕೆ ಯಾವುದಕ್ಕಾಗಿ ಅವಮಾನ ಮಾಡಿದ್ದರೋ ಅದನ್ನೇ ದುಡ್ಡು ಕೊಟ್ಟು ನೋಡಲು ಜನ ಬರತೊಡಗಿದರು. ನಾನು ಹೋದ ದಿನ ಬೀದಿಯ ತುಂಬ ಜಾತ್ರೆ. ಮೊಳದುದ್ದದ ಸಾಸೇಜು, ಲೀಟರು ಹಿಡಿಯುವ ಬಿಯರು ಮಗ್ಗು, ಗೋಡೆ ತುಂಬ ಕೋಗಿಲೆ ಗಡಿಯಾರ, ತೊಗಲು ಚಡ್ಡಿ ತೊಟ್ಟ ಗೊಂಬೆಗಳು. ನಾನು ಮಗನಿಗೆ ಹೇಳಿದೆ: “ಅಲ್ಲಪ್ಪ, ಈ ಗಡಿಯಾರ ಜರ್ಮನಿಯ ನೈರುತ್ಯದ ಕಾಡಿನದು, ಆ ಚಡ್ಡಿ ಬವೇರಿಯಾದ್ದು. ಇಲ್ಲಿಗೆ ಬಂದವರು ಅತ್ತ ಪೂರ್ವದ ಸಿಲೀಸಿಯಾದವರು, ಮೈತುಂಬ ಕಪ್ಪು ಬಟ್ಟೆ ಹಾಕಿ ಕೀರ್ತನೆ ಹಾಡುತ್ತಿದ್ದವರು.” ಅವನೆಂದ: “ದೊಡ್ಡಮ್ಮ, ಬೆಂಗಳೂರಲ್ಲಿ ಉಡುಪಿ ಹೋಟೆಲಲ್ಲಿ ಗೋಬಿ ಮಂಚೂರಿ ಕೊಡಲ್ವಾ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಸಲು ಜರ್ಮನಿಯನ್ನು ಹುಡುಕಿಕೊಂಡು ಹೋಗೋಣವೆಂದರೆ ಅದೂ ಇಲ್ಲ. ಅವರು ಹೊರಟಾಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ, ಅದಾದದ್ದು 1871ರಲ್ಲಿ. ಅವರು ಬಿಟ್ಟುಬಂದ ಹಳ್ಳಿಗಳಲ್ಲಿ ಹೆಚ್ಚಿನವು ಈಗ ಪೋಲೆಂಡಿನಲ್ಲಿವೆ. 1945ರ ನಂತರ ಗಡಿ ಸರಿದು, ಅಲ್ಲಿದ್ದ ಜರ್ಮನರನ್ನೆಲ್ಲ ಹೊರಡಿಸಿದರು. ಪಾದ್ರಿ ಕಾವೆಲನ ಕ್ಲೆಮ್‌ಸಿಗ್ ಈಗ ‘ಕ್ಲೆಂಪ್‌ಸ್ಕ್’. ರಾಜನಿಗೆ ತಲೆಬಾಗಿ ಅಲ್ಲೇ ಉಳಿದ ನೆರೆಯವರ ವಂಶವೂ ಕೊನೆಗೆ ಗಂಟುಮೂಟೆ ಕಟ್ಟಬೇಕಾಯಿತು. ಅವರಿಗೆ ಸಾಲ ಕೊಡಲು ಆಂಗಸನೂ ಇರಲಿಲ್ಲ, ಜಮೀನು ಹುಡುಕಲು ಕಪ್ತಾನನೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಸಸ್ಯಾಹಾರಿಗಳಿಗೆ ಹುರಿದ ಆಲೂಗೆಡ್ಡೆ, ಹುಳಿ ಹಿಡಿಸಿದ ಎಲೆಕೋಸು ಸಿಕ್ಕಿತು. ಕೋಸಿಗೆ ಒಂದು ಒಗ್ಗರಣೆ ಬೇಕಿತ್ತು. ಪಕ್ಕದ ಮೇಜಿನಲ್ಲಿ ಕೂತಿದ್ದ ಊರಿನ ಹಿರಿಯರೊಬ್ಬರು ಮಾತಿಗೆ ಸಿಕ್ಕರು, ಅವರ ಪೂರ್ವಿಕರು ಝೀಬ್ರಾದಲ್ಲೇ ಬಂದವರಂತೆ. ಎರಡು ಚರ್ಚುಗಳ ಜಗಳ ಈಗಲೂ ಇದೆಯೇ ಎಂದು ಕೇಳಿದೆ. “ಛೇ ಛೇ, ಅದೆಲ್ಲ 1966ರಲ್ಲೇ ಮುಗಿಯಿತು. ಆಸ್ಟ್ರೇಲಿಯಾದ ಲುಥೆರನ್ನರೆಲ್ಲ ಒಂದಾದೆವು” ಎಂದರು. ನೂರಿಪ್ಪತ್ತು ವರ್ಷ ತೆಗೆದುಕೊಂಡ ರಾಜಿ. ನನಗೆ ಸಂತೋಷವಾಯಿತು. ಹಾಗಾದರೆ ಈಗ ಯಾವ ಚರ್ಚಿಗೆ ಬೇಕಾದರೂ ಹೋಗಬಹುದಲ್ಲ ಎಂದೆ.

“ಹೋಗಬಹುದು, ಯಾರೂ ತಡೆಯೋದಿಲ್ಲ” ಎಂದರು ಅವರು, ಸಾಸೇಜಿಗೆ ಸಾಸಿವೆ ಹಚ್ಚುತ್ತ. “ನಾವು ಮಾತ್ರ ನಮ್ಮದಕ್ಕೇ ಹೋಗೋದು.”